ಡಿಸ್ಕಿಗೆ ಇಟ್ಟ ಗಂಧ

ಅಲ್ಲ ಅಲ್ಲ, ನೀರು ಆಮೇಲೆ ಕುಡೀರಿ ನಿಝಾಮಣ್ಣ, ಮೊದಲು ಇದನ್ನು ನೋಡಿ! ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಯಿಂದ ಬೈಕಲ್ಲಿ ಬಂದಿದ್ದೀರಿ, ಸುಸ್ತಾಗಿರ್ತದೆ, ನನಗೆ ಗೊತ್ತುಂಟು. ಆದ್ರೆ ನೋಡಿ... ಸ್ಕ್ರೀನ್ ಇಡೀ ಕೆಂಪು! ಹಬ್ಬದ ರಜೆ ಮುಗಿದು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆಗೆದು ಮೌಸ್ ಮುಟ್ಟಿದ್ದೇ ತಡ, ಇದು. ಒಂದು ಫೈಲೂ ತೆರೆಯುವುದಿಲ್ಲ. ದುಡ್ಡು ಕೊಟ್ರೆ ಮಾತ್ರ ಬೀಗ ತೆಗಿತಾರಂತೆ. ಯಾರು ಮಾರಾಯ್ರೆ ಇವರು? ಎಲ್ಲಿ ಕೂತಿದ್ದಾರೆ? ನಮ್ಮ ಗುರುವಾಯನಕೆರೆ ಇವರ ಕಣ್ಣಿಗೆ ಹೇಗೆ ಬಿತ್ತು?

ನಗ್ತೀರಾ? ನಗ್ಬೇಡಿ, ನಿಮ್ಮ ದಮ್ಮಯ್ಯ.

ಆ ಮೇಲ್ ತೆರೆದದ್ದು ನಾನೇ. ಅದನ್ನು ಮುಚ್ಚಿಡುವುದಿಲ್ಲ. ಆಯುಧ ಪೂಜೆಯ ದಿವಸ ಬಂದದ್ದು. ಮದ್ದಿನ ಕಂಪೆನಿಯ ಬಿಲ್ ಅಂತ ಬರೆದಿತ್ತು, ಒತ್ತಿದೆ. ಏನೂ ಬರ್ಲಿಲ್ಲ. ಪೂಜೆಯ ಗಡಿಬಿಡಿ, ಹೂ ಕಟ್ಲಿಕ್ಕಿತ್ತು, ಅವಲಕ್ಕಿ ಕಲಸ್ಲಿಕ್ಕಿತ್ತು... ಮರೆತೇ ಬಿಟ್ಟೆ. ಬೈರಿ ಬೇಕಾದ್ರೆ. ‘ವಿಜೇತಾ, ಗುರ್ತ ಇಲ್ಲದ ಮೇಲ್ ಒತ್ತಬೇಡಿ’ ಅಂತ ನೀವು ನನಗೆ ಎಷ್ಟು ಸಲ ಹೇಳಿದ್ದೀರಿ!

ಆಂ? ಹ್ಞಾಂ ಡಾಕ್ಟ್ರೇ! ನಿಝಾಮಣ್ಣ ಬಂದ್ರು! ಮದ್ದಿನ ಹೆಸರು ಈಗ ಸಿಗ್ತದೆ, ಈಗ!

ಕೇಳಿದ್ರಾ? ಡಾಕ್ಟ್ರು ಬೆಳಿಗ್ಗೆಯಿಂದ ಅದನ್ನೇ ಕೇಳ್ತಿದ್ದಾರೆ. ಅಗೋ, ಬೆಂಚಿನಲ್ಲಿ ಶಾಲು ಹೊದ್ದು ನಡುಗ್ತಿದ್ದಾರಲ್ಲ, ಲಾಯಿಲದ ಚನಿಯಪ್ಪಣ್ಣ. ಕಾಲು ನೋಡಿ, ಹೇಗೆ ಬಾತಿದೆ. ಮುಳ್ಳು ಹೆಟ್ಟಿದ್ದಂತೆ, ಕೀವಾಗಿ ಜ್ವರ ಏರಿದೆ. ಈಗ್ಲೇ ಇಂಜೆಕ್ಷನ್ ಕೊಡ್ಬೇಕು. ಆದ್ರೆ ಹೋದ ವರ್ಷ ಇದೇ ಬೆಂಚಿನಲ್ಲಿ, ಇಂಜೆಕ್ಷನ್ ಕೊಟ್ಟದ್ದೇ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಇವರು ಹೋಗಿಯೇ ಬಿಟ್ರು ಅಂತ ಎಣಿಸಿದ್ವಿ. ಯಾವ ಮದ್ದು ಅದು? ಅವರಿಗೆ ನೆನಪಿಲ್ಲ. ಚೀಟಿ ಒದ್ದೆಯಾಗಿ ಹೋಗಿದೆಯಂತೆ. ಡಾಕ್ಟ್ರು ದಿನಕ್ಕೆ ಎಷ್ಟು ಜನರನ್ನು ನೋಡ್ತಾರೆ, ಅವರಿಗೂ ಸರಿಯಾಗಿ ನೆನಪು ಬರುವುದಿಲ್ಲ. ಹೆಸರು ಇರುವುದು ಇದರಲ್ಲಿ ಮಾತ್ರ. ಈ ಹಾಳಾದ ಡಬ್ಬದಲ್ಲಿ!

ಡಾಕ್ಟ್ರು ಆಗ್ಲೇ ಹೇಳಿದ್ರು, ಮಂಗಳೂರಿಗೆ ಕಳಿಸುವ ಅಂತ. ನಾನೇ ತಡೆದೆ. ಬ್ಯಾಕಪ್ ಉಂಟಲ್ಲ ಡಾಕ್ಟ್ರೇ, ನಿಝಾಮಣ್ಣ ಬಂದು ತೆಗೆದು ಕೊಡ್ತಾರೆ ಅಂದೆ. ಮತ್ತೆ? ಉಂಟಲ್ಲ ಬ್ಯಾಕಪ್! ತಗೊಳ್ಳಿ ಕಪಾಟಿನ ಬೀಗದಕೈ. ಮೇಲಿನ ಅರೆಯಲ್ಲಿ, ಅದೇ ಕಪ್ಪು ಡಿಸ್ಕು. ಕಾಪಿ ಆದ ಕೂಡ್ಲೇ ವಯರ್ ತೆಗೆದು ಒಳಗಿಡಿ, ವಯರಲ್ಲೇ ಬಿಟ್ರೆ ಕಳ್ಳ ಅದಕ್ಕೂ ಕೈ ಹಾಕ್ತಾನೆ ಅಂತ ನೀವು ಹೇಳಿದ್ದು ನನಗೆ ಬಾಯಿಪಾಠ. ಕಪಾಟಿನಿಂದ ಹೊರಗೇ ಬರ್ಲಿಲ್ಲ ಅದು.

ಯಾಕೆ ಮೂಸಿ ನೋಡ್ತೀರಿ?

ಗಂಧವಾ? ಹ್ಞಾಂ... ಅದು... ಪೂಜೆಗೆ ಇಟ್ಟಿದ್ದೆ. ಬರೀ ಇಟ್ಟದ್ದು! ಬಿಪಿ ನೋಡುವ ಮಿಷನ್, ಸ್ಟೆತಸ್ಕೋಪ್, ಕತ್ತರಿ, ಎಲ್ಲ ಸಾಲಾಗಿ ಇಟ್ಟದ್ದಲ್ವಾ, ಇದೊಂದನ್ನು ಬಿಡುವುದು ಹೇಗೆ? ಇದೂ ದುಡಿಯುವ ಜೀವವೇ. ನಿಮ್ಮ ಅಂಗಡಿಗೂ ಅವಲಕ್ಕಿ ಕಳಿಸಿದ್ದೆ, ತಿಂದಿದ್ದೀರಿ. ಒಂದು ಬೊಟ್ಟು ಗಂಧ, ಒಂದು ಸೇವಂತಿಗೆ. ಅಷ್ಟೇ. ವಯರ್ ಹಾಕಿಲ್ಲ. ದೇವರಾಣೆ... ಅಲ್ಲ, ಆಣೆ ಯಾಕೆ, ನಾನು ಹೇಳುವುದು ಸಾಕಲ್ವಾ?

ಕಂಪ್ಯೂಟರಿಗೆ ಹಾಕಿ ನೋಡಿ ಅಂದ್ರೆ ನೀವು ಎಂತ ಅದನ್ನೇ ತಿರುಗಿಸ್ತಾ ಕೂತಿದ್ದೀರಿ? ವಯರ್ ಯಾಕೆ ಈಗ? ಅದು ಬೇರೆ ಕಡೆ ಇದ್ದದ್ದು...

ಎರಡನ್ನೂ ಯಾಕೆ ಜೋಡಿಸಿ ಹಿಡಿತೀರಿ ನಿಝಾಮಣ್ಣ?

ಹೌದು. ಕಾಣ್ತದೆ. ಡಿಸ್ಕಿನ ಅಂಚಿನಲ್ಲಿ ಅರ್ಧ ಬೊಟ್ಟು, ವಯರಿನ ತುದಿಯಲ್ಲಿ ಅರ್ಧ. ಎರಡು ಸೇರಿಸಿದ್ರೆ ಗುಂಡಗೆ ಒಂದು ಬೊಟ್ಟು. ಇನ್ನೊಮ್ಮೆ ತೋರಿಸ್ಬೇಡಿ.

ಆರತಿ ಹೊತ್ತಿಗೆ ಕಾರು, ಬೈಕು ಎಲ್ಲ ಸ್ಟಾರ್ಟ್ ಮಾಡಿದ್ರು. ಕಂಪ್ಯೂಟರ್ ಆನ್ ಇತ್ತು. ಇದೊಂದು ಮಾತ್ರ ಸತ್ತ ಹಾಗೆ ಬಿದ್ದಿತ್ತು, ನಿಝಾಮಣ್ಣ. ಪೂಜೆಗೆ ಇಟ್ಟ ವಸ್ತುವಿನಲ್ಲಿ ಜೀವ ಬೇಡ್ವಾ? ವಯರ್ ಹಾಕಿ, ಅದರ ಮೇಲೆಯೇ ಗಂಧ ಇಟ್ಟೆ. ನೀಲಿ ಲೈಟ್ ಉರಿಯಿತು. ಎಷ್ಟು ಚಂದ ಕಂಡಿತು! ಆಮೇಲೆ ತೆಗಿಲಿಕ್ಕೆ ಹೋದೆ, ಕೈ ಬರ್ಲಿಲ್ಲ. ಪೂಜೆಗೆ ಇಟ್ಟದ್ದನ್ನು ದಶಮಿ ಕಳೆಯದೆ ಕದಲಿಸ್ಬಾರದು ಅಂತ ನಮ್ಮಜ್ಜಿ... ಹಾಗೇ ಬಿಟ್ಟು ಬಾಗಿಲು ಹಾಕಿ ಹೋದೆ.

ನೋಡ್ಬೇಡಿ ಹಾಗೆ. ಬೈರಿ! ಏನೋ ಒಂದು ಸಾಫ್ಟ್‌ವೇರ್ ಇರ್ತದಲ್ಲ ನಿಮ್ಮ ಹತ್ರ? ಒಂದೇ ಒಂದು ಫೈಲ್ ಸಾಕು, ಚನಿಯಪ್ಪಣ್ಣನದ್ದು. ಇಲ್ವಾ? ಒಂದೂ...?

ಡಿಸ್ಕನ್ನು ಯಾಕೆ ನನ್ನ ಕೈಗೆ ಕೊಡ್ತೀರಿ? ಬೇಡ. ನಾನು ನೋಡಿ ಆಗಿದೆ.

ಹೌದು, ನೋಡಿದ್ದೇನೆ. ಬೆಳಿಗ್ಗೆಯೇ. ಅದರೊಳಗೂ ಎಲ್ಲ ಫೈಲಿನ ಹೆಸರಿಗೆ ಇದೇ ಕಳ್ಳರ ಬಾಲ, ಇದೇ ಬೀಗ. ನೋಡಿದ ಮೇಲೆಯೇ ಕಿತ್ತು ಕಪಾಟಿನಲ್ಲಿಟ್ಟದ್ದು. ನೀವು ಬಂದು ಏನಾದ್ರೂ ಮಾಡ್ತೀರಿ, ಯಾರಿಗೂ ಗೊತ್ತಾಗುವುದಿಲ್ಲ ಅಂತ... ಅಷ್ಟರವರೆಗೆ ಚನಿಯಪ್ಪಣ್ಣ ಅಲ್ಲೇ ನಡುಗ್ತಾ ಕೂತಿದ್ರು. ನನ್ನನ್ನು ನಂಬಿ.

ಅಯ್ಯೋ, ಬೆಂಚಿಗೆ ಒರಗಿಯೇ ಬಿಟ್ರಲ್ಲ... ಚನಿಯಪ್ಪಣ್ಣ! ಓ ಚನಿಯಪ್ಪಣ್ಣ!

ಡಾಕ್ಟ್ರೇ! ಕಾಯ್ಬೇಡಿ! ಆಂಬುಲೆನ್ಸಿಗೆ ಹೇಳಿ, ಮಂಗಳೂರಿಗೆ ಕಳಿಸಿ! ಹೆಸರು ಸಿಗುವುದಿಲ್ಲ ಡಾಕ್ಟ್ರೇ... ಸಿಗುವುದಿಲ್ಲ ಅಂತ ಬೆಳಿಗ್ಗೆಯೇ ನನಗೆ ಗೊತ್ತಿತ್ತು.