ಗಾದಿ ಚಾಂದಸಾಬರ ಬೌಲಿಂಗು

...ಇಲ್ರಿ ಸಿದ್ರಾಯಣ್ಣ, ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ! ಉಳ್ಳಾಗಡ್ಡಿ! ಸಂತ್ಯಾಗ ಉಳ್ಳಾಗಡ್ಡಿ ಆರಿಸಾಕ ಕುಂತ್ರ ನಮ್ಮ ಮನಿಯವರು ಎರಡ ಬೆರಳ ಹಿಂಗ ಅಗಲ ಮಾಡಿ ಚೆಂಡಿನಂಗ ಹಿಡದು, ತಿರುವಿ ತಿರುವಿ ನೋಡಾವ್ರು. ಮಾರಾಕಿ, "ಕಾಕಾ, ಕೊಳತಿಲ್ರಿ ಅದು" ಅಂತಾಳ. ಇವರು, "ಇದು ಒಳಗ ಬರತೈತಿ ನೋಡು" ಅಂತಾರ! ಒಳಗ ಎಲ್ಲಿ ಬರತೈತ್ರಿ? ಸಾರಿನ್ಯಾಗ ಬರತೈತಿ!

ಚಾ ಕುಡೀರಿ, ಆರತೈತಿ. ಹೆಂಗಾರ ಬಂದೀರಿ, ಕೇಳಿ ಹೋಗ್ರಿ. ನೀವು ಟೀಮಿನ ಕ್ಯಾಪ್ಟನ್, ಅವರನ್ನ ಗ್ರೌಂಡಿನ್ಯಾಗಷ್ಟ ನೋಡೀರಿ. ಮನ್ಯಾಗ ನೋಡಿಲ್ಲ. ಮೂಡಲಗಿ ಮಂದಿಗೆ ನನ್ನ ಗಂಡ ಅಂದ್ರ ಗಾದಿ ಹೊಲಿಯೋ ಚಾಂದಸಾಬ. ಅವರ ಮನಸಿನ್ಯಾಗ? ಫಾಸ್ಟ್ ಬೌಲರ್! ನಲವತ್ತಾರ ವರ್ಷದ ಫಾಸ್ಟ್ ಬೌಲರ್... ಮತ್ತ ನಕ್ಕ್ರಿ ನೋಡ್ರಿ! ಏನು, ಮೀಡಿಯಂ ಅಂತೀರಾ? ಅವರ ಮುಂದ ಅನ್ರಿ ನೋಡೋಣ. ಊಟ ಬಿಟ್ಟ ಮಕ್ಕೋತಾರ.

ಸಾಮಾನ ನೋಡಬೇಕಿತ್ತ ನೀವು, ಯಾ ಅಲ್ಲಾ! ಮೊಳಿ ಬೂಟ ಎರಡ ಜೋಡಿ. ಒಂದ ಗಟ್ಟಿ ನೆಲಕ್ಕ, ಇನ್ನೊಂದ ಮೆತ್ತನ್ನ ನೆಲಕ್ಕ. ನೆಲ ಗಟ್ಟೀನೋ ಮೆತ್ತಗೋ ಅಂತ ನೋಡಾಕ ನಸಕಿನ್ಯಾಗ ಎದ್ದ ಗ್ರೌಂಡಿಗೆ ಹೋಗಿ ಬೆರಳ ಒತ್ತಿ ನೋಡಿ ಬರಾವ್ರು, ಡಾಕ್ಟರ್ ಹೊಟ್ಟಿ ಒತ್ತಿ ನೋಡಿದಂಗ! ಮೊಣಕಾಲಿಗೆ ಪಟ್ಟಿ, ಮೊಣಕೈಗೆ ಪಟ್ಟಿ, ಹಣಿಗೊಂದ ಪಟ್ಟಿ, ಬೆರಳಿಗೆ ಟೇಪು. ಮೂಗಿಗೆ ತುಟಿಗೆ ಬಿಳಿ ಕ್ರೀಮು. ಒಂದಿನ ಹಂಗ ಬಡಕೊಂಡು ಹೊರಗ ಹೊಂಟ್ರ ಬಾಜೂ ಮನಿ ಫಕೀರವ್ವ, "ಏನವಾ ಮೈನಾಬಿ, ನಿನ್ನ ಗಂಡ ಯಾರ ಮನಿಗೆ ಸುಣ್ಣಾ ಹಚ್ಚಾಕ ಹೊಂಟಾನ?" ಅಂದ್ಲು. ನಾನೂ, "ಗೋಕಾಕಕ್ಕ ಹೊಂಟಾರವಾ, ದೊಡ್ಡ ಕೆಲಸ ಸಿಕ್ಕೈತಿ" ಅಂದೆ!

ಫ್ರಿಜ್ಜಿನ್ಯಾಗ ಹಾಲ ಇಡಾಕ ಜಾಗಾ ಇಲ್ಲ. ಯಾಕ? ಭುಜಕ್ಕ ಇಟಗೊಳ್ಳೋ ಐಸು! ತೊಗಲಿನ ಚೆಂಡು ಎಲ್ಲಿ? ಕಪಾಟಿನ್ಯಾಗ, ಕಾಲಚೀಲದೊಳಗ, ನನ್ನ ನಿಕಾಹದ ಸೀರಿ ಬಾಜೂಕ. ಅದನ್ನ ತೊಡಿಗೆ ತಿಕ್ಕಿ ತಿಕ್ಕಿ ಬಿಳಿ ಪ್ಯಾಂಟೆಲ್ಲಾ ಕೆಂಪ ಕಲಿ. ಒಗಿಯಾಕಿ ಯಾರು? ನಾನು. ಅದೂ ಸೋತ ಪ್ಯಾಂಟ ಇದ್ರ ಒಗೀಬೇಕು. ಗೆದ್ದ ಪ್ಯಾಂಟ ಇದ್ರ ಮುಟ್ಟಬಾರದು! ಬೇಸಗಿ ಪೂರಾ ಗೆದ್ದಿದ್ರಲ್ಲಾ ನೀವು... ಆ ಪ್ಯಾಂಟ ತಾನ ಎದ್ದ ನಿಂದರತಿತ್ರಿ.

ಓಡಿ ಬರೂದ ಅಂದ್ರ ಅಡಗಿ ಮನ್ಯಾಗ ಶುರು. ಪಡಸಾಲಿ ದಾಟಿ, ಬಾಗಲದಾಗ ಜಿಗದು, ಅಂಗಳಕ್ಕ ಕೈ ತಿರುವುದು. ಒಮ್ಮೆ ನಾನು ಸಾರಿನ ಬೋಗಾಣಿ ಹಿಡಕೊಂಡ ಅಡ್ಡ ಬಂದೆ. ನೆಲದ ತುಂಬ ಸಾರು, ನನ್ನ ಕಾಲ ಸುಟ್ಟೈತಿ. ಅವರು ಏನಂದ್ರ ಗೊತ್ತೇನು? "ನಿನ್ನ ಸಲುವಾಗಿ ಸ್ಟೆಪ್ ತಪ್ಪಿತು!"

ನಗ್ರಿ, ನಗ್ರಿ. ನಮ್ಮ ಮಗಳು ಮಹೆಕಳ ನಿಕಾಹಕ್ಕ ನೀವೂ ಬಂದಿದ್ರಿ ಹೌದಿಲ್ಲೋ? ಬೀಗರಿಗೆ ಸಲಾಮ ಮಾಡಾಕ ಎತ್ತಿದ ಕೈ... ಸಲಾಮಕ್ಕ ನಿಂದ್ರಲೇ ಇಲ್ರಿ! ಹಂಗ ಮ್ಯಾಲೆ ಹೋಗಿ ಪೂರಾ ಒಂದ ಸುತ್ತ ತಿರಗಿ ಕೆಳಗ ಬಂತು. ಬೀಗರು ಹಿಂದ ಸರದ್ರು. ಮಗಳ ಮಾವ ಇವತ್ತಿಗೂ ಇವರಿಂದ ಎರಡ ಮಾರ ದೂರ ನಿಂತ ಮಾತಾಡತಾನ.

ಈಗ ನೋಡ್ರಿ, ಮನಿ ಎಷ್ಟ ಶಾಂತ ಐತಿ! ಸಾಮಾನೆಲ್ಲಾ ಅಟ್ಟದ ಮ್ಯಾಲ. ಫ್ರಿಜ್ಜಿನ್ಯಾಗ ಹಾಲು. ನನಗ ಇಷ್ಟ ಸುಖ ಮದವಿ ಆದಾಗಿಂದ ಇದ್ದಿಲ್ಲ.

ಹಂಗಾಗಿ ಐತವಾರದ ಮಾತ ಬಿಡ್ರಿ. ಹುಕ್ಕೇರಿಯವರ ಕೂಡ ಮ್ಯಾಚ್ ಇರಲಿ, ಇನ್ಯಾರ ಕೂಡನೂ ಇರಲಿ. ನಿಮ್ಮಲ್ಲಿ ಹುಡುಗರೇನ ಕಡಿಮಿ ಅದಾರ? ಆ ಕುಲಗೋಡದ ಲಖನ ಹಾಕತಾನಲ್ಲ... ಹಾಕೂದಿಲ್ಲಾ? ಹಾಕಿದ್ದೆಲ್ಲಾ ಕಬ್ಬಿನ ಹೊಲಕ್ಕ ಹೋಗಿ ಬೀಳತೈತಾ? ಅದು ನಿಮ್ಮ ತಾಪತ್ರಯ ಅಣ್ಣಾ, ನನ್ನದಲ್ಲ.

ನಿಮ್ಮ ಉಪಕಾರ ನಾ ಮರತಿಲ್ರಿ. ಹೋದ ವರ್ಷ ಗೋಕಾಕದ ಗ್ರೌಂಡಿನ್ಯಾಗ ಓಡಿ ಬರತಾ ಬರತಾ ನಡಬರಕ ಕುಂತ ಬಿಟ್ರು. ಬೂಟಿನ ಲಾಡಿ ಕಟ್ಟಾಕ ಕುಂತಾರಂತ ಮಂದಿ ತಿಳಕೊಂಡ್ರು. ಅಂಪೈರ್, "ಲಗೂ ಲಗೂ" ಅಂದನಂತ. ಓಡಿ ಹೋಗಿ ಎತ್ತಿದಾವ್ರು ನೀವೊಬ್ಬರ. ನಿಮ್ಮ ಗಾಡ್ಯಾಗ ಬೆಳಗಾವಿಗೆ ಒಯ್ದೀರಿ, ಅದಕ್ಕ ಉಳದ್ರು. ಮೈಮ್ಯಾಲಿನ ಪಟ್ಟಿ ಸಾಲಲಿಲ್ಲಂತ ಎದಿಯೊಳಗೂ ಒಂದ ಸ್ಟೆಂಟ್ ಹಾಕಿಸ್ಕೊಂಡ ಬಂದ್ರು ನಮ್ಮ ಬೌಲರ್ ಸಾಹೇಬ್ರು...

ಈ ಮಾತಿಗೆ ನಗಲಿಲ್ಲ ನೀವು.

ಅದಕ್ಕ ಹೇಳಾಕತ್ತೇನಿ. ಹೋದ ತಿಂಗಳ ನಿಮ್ಮ ಗಾಡ್ಯಾಗ ತಪಾಸಣಿಗೆ ಹೋದಾಗ ಡಾಕ್ಟರ್ ಸ್ವಚ್ಛ ಹೇಳ್ಯಾರ. ಬೌಲಿಂಗ್ ಬಿಲ್ಕುಲ್ ಬ್ಯಾಡ. ಒಂದ ಚೆಂಡೂ ಹಾಕಬಾರದು. ಹಾಕಿದ್ರ ಜೀವಕ್ಕ ಅಪಾಯ ಅಂದ್ರು. ನಾ ಬಂದ ಅವರಿಗೆ ಹೇಳಿದೆ, ಅವರು "ಆತು" ಅಂದ್ರು. ಮುಗೀತು. ತಾವ ಎಲ್ಲಾ ಕಟ್ಟಿ ಅಟ್ಟಕ್ಕ ಏರಿಸಿದ್ರು.

ಯಾಕ, ಚಾ ಕೆಳಗಿಟ್ರಿ? ಸಕ್ಕರಿ ಹೆಚ್ಚಾತಾ?

ಛಲೋ ಅದಾರ್ರಿ ಈಗ. ಹೇಳಿದಷ್ಟ ಉಣತಾರ, ಗುಳಿಗಿ ತಗೋತಾರ. ಕೇಳಿದ್ದಕ್ಕೆಲ್ಲಾ ಹ್ಞೂ ಅಂತಾರ. ಜಗಳಾನ ಇಲ್ಲ. ಮೊನ್ನೆ ಓಣ್ಯಾಗ ಹುಡುಗರು ಆಡಾಕತ್ತಿದ್ವು, ಚೆಂಡು ಉಳ್ಳಕೋತ ಇವರ ಕಾಲಿಗೆ ಬಂತು. "ಕಾಕಾ, ಒಗೀರಿ! ಕಾಕಾ, ಒಗೀರಿ!" ಅಂತ ಒದರಿದ್ವು. ಇವರು ಒಗೀಲಿಲ್ಲ. ಬಗ್ಗಿ ತಗೊಂಡ್ರು... ಓಣಿ ಪೂರಾ ನಡಕೋತ ಹೋಗಿ ಕೈಯಾಗ ಕೊಟ್ಟ ಬಂದ್ರು. ಬಂದ ಇಲ್ಲೇ, ನೀವು ಕುಂತಲ್ಲೇ, ಕೈ ಒರಸಕೊಂಡ ಕುಂತ್ರು.

ಹಂಗ್ಯಾಕ ನೋಡತೀರಿ ಅಣ್ಣಾ? ಡಾಕ್ಟರ್ ಅಂದಿದ್ದನ್ನ ನಾ ಅಂದೆ. ನನ್ನ ಮ್ಯಾಲ ಯಾಕ ಸಿಟ್ಟು? ಅವರು ರಕ್ತಾ ತಪಾಸಣಿಗೆ ಕೊಡಾಕ ಕೆಳಗ ಹೋಗಿದ್ರು, ನಾನೊಬ್ಬಾಕಿನ ಇದ್ದೆ ಒಳಗ. ನೀವು ಗಾಡಿ ನಿಲ್ಲಸಾಕ ಹೋಗಿದ್ರಿ...

ಹೋಗಿದ್ರಿ ಅಲ್ರಿ?

ಏನರ ಅನ್ರಿ. ಮ್ಯಾಲ ಬಂದಿದ್ರೇನು? ಬಂದ್ರೂ ಹೊರಗ ಬೆಂಚಿನ ಮ್ಯಾಲ ಕುಂತಿರಬೇಕು ನೀವು. ಅಲ್ಲಿಗೆ ಏನ ಕೇಳಸತೈತಿ...

ಬಾಗಲದಾಗ?

ನನ್ನ ಬೆನ್ನ ಹಿಂದ ನಿಂತಿದ್ರಿ?

...ಹಂಗಾರ ಕೇಳೀರಿ ನೀವು. ಡಾಕ್ಟರ್ ನಕ್ಕಿದ್ದೂ ಕೇಳೀರಿ. "ಸಾವಕಾಶ ಓಡ್ಲಿ, ಸ್ವಲ್ಪ ಸ್ವಲ್ಪ ಹಾಕ್ಲಿ, ಅವರಿಗೆ ಗುಳಿಗಿಗಿಂತ ಅದ ಛಲೋ" ಅಂದಿದ್ದೂ ಕೇಳೀರಿ. ಕೇಳಿನೂ ಒಂದ ತಿಂಗಳ ಸುಮ್ಮನ ಇದ್ರಿ. ಅವರ ಮುಂದ ಒಂದ ಮಾತ ಆಡಲಿಲ್ಲ. ನಾನ ಹೇಳಲಿ ಅಂತ ಕಾಯಾಕತ್ತಿದ್ರಿ. ಅವರು ಗಾದಿ ಕೊಡಾಕ ಹುಕ್ಕೇರಿಗೆ ಹೋಗ್ಯಾರಂತ ಗೊತ್ತಿದ್ದ ಬಂದೀರಿ ಇವತ್ತು. ಹೌದಲ್ರಿ?

ನಾ ಏನ ಮಾಡ್ಲಿ? ಅವತ್ತ ನೀವು ಗೋಕಾಕದಿಂದ ಫೋನ್ ಮಾಡಿದ್ರಿ, "ವೈನಿ, ಹೆದರಬ್ಯಾಡ್ರಿ" ಅಂದ್ರಿ. ಹೆದರಬ್ಯಾಡ್ರಿ ಅಂದಮ್ಯಾಲ ಹೆದರೂದ ಬಿಟ್ಟ ಇನ್ನೇನ ಉಳೀತ್ರಿ? ಅವತ್ತಿಂದ ಐತವಾರ ಫೋನ್ ಬಂದ್ರ ಬಾಜೂ ಮನಿ ಫಕೀರವ್ವನ ಕೈಯಾಗ ಕೊಟ್ಟ ಎತ್ತಸತೇನಿ. ಡಾಕ್ಟರ್ ಸಾವಕಾಶ ಅಂದ್ರು. ಸಾವಕಾಶ ಅನ್ನೂದ ಇವರಿಗೆ ಗೊತ್ತೈತೇನು? ನೀವ ಹೇಳ್ರಿ, ಒಮ್ಮೆರ ಸಾವಕಾಶ ಓಡ್ಯಾರೇನು ಅವರು?

ಓಡಿಲ್ಲ. ನನಗೂ ಗೊತ್ತೈತಿ.

ಚೆಂಡ ನಡಕೋತ ಒಯ್ದ ಕೊಟ್ಟ ಬಂದ್ರಲ್ಲಾ ಮೊನ್ನೆ... ನಾ ಕಿಡಕ್ಯಾಗ ನಿಂತ ನೋಡಿದೆ. ಗೆದ್ದೆ ಅಂತ ಅನ್ನಸಬೇಕಿತ್ತ ನನಗ. ಅನ್ನಸಲಿಲ್ರಿ.

ಏಳಬ್ಯಾಡ್ರಿ. ಅಣ್ಣಾ, ಏಳಬ್ಯಾಡ್ರಿ, ಕೈ ಮುಗಿತೇನಿ. ಸಂಜೀಕ ಬರತಾರ ಅವರು. ಅಲ್ಲೀತನಕ ಕುಂದರ್ರಿ. ಇನ್ನೊಂದ ಚಾ ಮಾಡತೇನಿ. ನೀವೇನೂ ಮಾತಾಡಬ್ಯಾಡ್ರಿ, ಹಿಂಗ ಸುಮ್ಮನ ಕುಂದರ್ರಿ... ನೀವು ಹಿಂಗ ಕುಂತಿದ್ರ ನನ್ನ ಬಾಯಾಗ ಸುಳ್ಳ ಬರೂದಿಲ್ಲ.