ಭಟ್ಟಿಗೆ ಹೊಗೆಗೂಡು ಕಟ್ಟಿಸಿದೆ

ಕೈ ಚಾಚು ಹೊನ್ನಿ... ಅಲ್ಲಲ್ಲ, ಇತ್ಲಾಗೆ. ಹಾಂ. ಬಾಯಾಗೆ ಹಾಕ್ಕೊ, ನಮ್ಮ ಭಟ್ಟಿ ಮಂಡಕ್ಕಿ. ನಿನ್ನೆ ಹುರಿದದ್ದು. ಗರಿಗರಿ ಐತೋ ಇಲ್ಲೋ ಹೇಳು. ತಿನ್ನಲ್ಲ? ಇರ್ಲಿ ಬಿಡು, ಅಂಗೈಯಾಗೆ ಹಿಡ್ಕೊಂಡಾರ ಕೂಡು.

ಬೆಳಗ್ಗೆ ಮೊದಲ್ನೇ ಬಸ್ಸಿಗೆ ಹತ್ತಿದೆ. ದಾವಣಗೆರೆಯಿಂದ ಹರಿಹರ ಏನು ದೂರ, ಆದ್ರೂ ಇವತ್ತು ದಾರಿ ಸಾಗ್ಲೇ ಇಲ್ಲ. ನಿಮ್ಮಕ್ಕ ನಾಗಕ್ಕ 'ಬರ್ರಿ' ಅಂದ್ಲು, ಮುಖ ನೋಡ್ಲಿಲ್ಲ. ನೀರು ಕೊಟ್ಟು ಒಳಗೆ ಹೋದ್ಲು. ಈಗ ನಾವಿಬ್ರೇ ಇದೀವಿ, ಬೈಯೋದಿದ್ರೆ ಬೈದ್ಬಿಡು.

ಹೊಗೆಗೂಡು ಕಟ್ಟಿಸಿದೆ. ಯಾಕ ನಗ್ತಿ? ನಕ್ಕಂಗಾತು... ನಿಜವಾಗ್ಲೂ ಕಟ್ಟಿಸಿದೆ. ನಮ್ಮ ಓಣಿ ಮಸ್ತಾನಸಾಬ್ರ ಭಟ್ಟಿಗೆ ಕಟ್ಟಿದ ಮೇಸ್ತ್ರಿನೇ ಕರೆಸಿದೆ. ಅಪ್ಪ ಕಟ್ಟಿದ ಭಟ್ಟಿ ಗೋಡೆಗೆ ಅವನು ಹಾರೆ ಹಾಕಿದಾಗ ನಾ ಬೀದಿಗೆ ಹೋಗಿ ನಿಂತೆ, ನೋಡಾಕಾಗ್ಲಿಲ್ಲ. ಈಗ ಹೊಗೆ ಎಲ್ಲ ಮ್ಯಾಲಕ್ಕೆ ಹೋಗುತ್ತೆ. ಒಳಗೆ ಕುಂತೋರ ಮುಖ ಎಷ್ಟು ಚೆಂದ ಕಾಣುತ್ತೆ ಅಂದ್ರೆ... ತಪ್ಪಾತು. ನಿನ್ ಮುಂದೆ ಹಂಗ್ ಅನ್ಬಾರ್ದಿತ್ತು.

ನಾ ಹೊಸದಕ್ಕೆಲ್ಲ ಬ್ಯಾಡ ಅಂದೋನಲ್ಲ, ನಿಂಗೇ ಗೊತ್ತು. ನಯಾಪೈಸೆ ಬಂತು, ಒಪ್ಪಿದೆ. ಸೇರು ಹೋಗಿ ಕಿಲೋ ಬಂತು, ಎರಡು ದಿನ ಗೊಣಗಿ ಅದನ್ನೂ ಒಪ್ಪಿದೆ. ಇದೊಂದಕ್ಕೆ ಜೀವ ಒಪ್ಲಿಲ್ಲ. ಹೊಗೆ ಹೊರಗೆ ಬಿಟ್ರೆ ಕಾವೂ ಹೊರಗೆ ಹೋಗುತ್ತೆ, ಮಂಡಕ್ಕಿ ಅರಳಲ್ಲ ಅಂತಿದ್ದ ಅಪ್ಪ. ಕಟ್ಟಿಸ್ರಿ, ಕಣ್ಣು ಉರೀತಾವೆ ಅಂತ ನೀ ಅಂದಾಗೆಲ್ಲ ಅವನ ಮಾತೇ ನನ್ ಬಾಯಾಗೆ ಬರೋದು. ನಮ್ಮವ್ವ ಮೂವತ್ತು ವರ್ಷ ಅದೇ ಭಟ್ಟಿ ಬಾಯಿಗೆ ಕುಂತು ಉರಿಗೆ ಭತ್ತದ ಹೊಟ್ಟು ಹಾಕಿದ್ಲು, ಆಕಿಗೇನಾತು ಅಂತಿದ್ದೆ.

ಹೂಂ... ಕಡೀಗೆ ಆಕಿಗೂ ಕಾಣ್ತಿರ್ಲಿಲ್ಲ. ಗೋಡೆ ಹಿಡ್ಕೊಂಡು ಓಡಾಡೋಳು. ವಯಸ್ಸಾತು ಅಂದ್ವಿ ಎಲ್ರೂ.

ಹೋಗ್ಲಿ, ಬಟ್ಟೆ ಗಂಟು ಕಟ್ಕೊ, ಮಧ್ಯಾಹ್ನದ ಬಸ್ಸಿಗೆ ಹೋಗಾಣ. ಇನ್ಮೇಲೆ ನೀ ಭಟ್ಟಿ ಮುಂದೆ ಕೂರೋದೇ ಬ್ಯಾಡ. ಹೋದ ತಿಂಗಳು ಕಣ್ಣಿಗೆ ಪಟ್ಟಿ ಕಟ್ಟಿದ ಡಾಕ್ಟ್ರು ಏನಂದ್ರು, ಒಂದು ಕಣ್ಣಾರ ಬರಬಹುದಂತಾ? ...ಯಾಕ, ಡಾಕ್ಟ್ರು ಅಂದಕೂಡ್ಲೇ ಮುಖ ತಿರುಗಿಸ್ದೆ?

ಹೋದ ವರ್ಷ ದವಾಖಾನೆಗೆ ನಾನೇ ಕರ್ಕೊಂಡು ಹೋಗಿದ್ನಲ್ಲ. ಔಷಧಿ ಬಿಟ್ಕೊಂಡ್ರೆ ಸರಿಹೋಗುತ್ತೆ ಅಂದ್ರು, ಅಷ್ಟೇ. ಬ್ಯಾರೇನೂ ಹೇಳ್ಲಿಲ್ಲ. ನೀ ಹೊರಗೆ ಬೆಂಚಿನ ಮ್ಯಾಲೆ ಕುಂತಿದ್ದೆ, ನನ್ನೊಬ್ಬನ್ನೇ ಒಳಗೆ ಕರೆದು...

ಅಂಗೈಯಾಗಿನ ಮಂಡಕ್ಕಿ ಯಾಕ ನೆಲಕ್ಕೆ ಸುರುವಿದೆ ಹೊನ್ನಿ?

...ಹೇಳಿದ್ರು. ಇನ್ನೂ ಆ ಹೊಗೆ ಮುಂದೆ ಕೂರಿಸಿದ್ರೆ ಎರಡೂ ಕಣ್ಣು ಹೋಗ್ತಾವೆ ಅಂತ ಬಿಡಿಸಿ ಹೇಳಿದ್ರು. ಮೊನ್ನೆ ಓದು ಮುಗಿಸಿ ಬಂದೋನು, ಇವನಿಗೇನು ಗೊತ್ತು ಭಟ್ಟಿ ವಿಚಾರ ಅಂದ್ಕೊಂಡೆ. ನಿಂಗೆ ಹೇಳಿದ್ರೆ ನೀ ಮರುದಿನ ಕೂರ್ತಿರ್ಲಿಲ್ಲ. ಆಗ ಅಪ್ಪನ ಗೋಡೆ ಒಡೀಲೇಬೇಕಾಗೋದು. ಅದಕ್ಕೇ ಬಾಯಿ ಮುಚ್ಕೊಂಡೆ. ದಿನಾ ನೀ ಕಣ್ಣು ಒರಸ್ಕೊಳ್ಳೋದು ನೋಡ್ತಿದ್ದೆ. ಆದ್ರೂ ಹೇಳ್ಲಿಲ್ಲ.

ಅಳಲ್ಲ? ಬೆಚ್ಚಿ ಬೀಳ್ಲೂ ಇಲ್ಲ ನೀನು... ಅಂದ್ರೆ ನಿಂಗೆ ಗೊತ್ತಿತ್ತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರೇ ಹೇಳಿದ್ರಾ? ನಿನ್ ಗಂಡ ಹೇಳ್ಲಿಲ್ವೇನಮ್ಮ ಅಂತ ಕೇಳಿದ್ರಾ? ಅದಕ್ಕೇನಾ ಅವತ್ತು ಮನೆಗೆ ಬರದೆ ದವಾಖಾನೆಯಿಂದ ಸೀದಾ ಇಲ್ಲಿಗೆ ಬಂದದ್ದು?

ನಾನು... ಹೊಗೆಗೆ ಹೆದರಿ ಬಂದೀಯ ಅಂದ್ಕೊಂಡು ಗೋಡೆ ಒಡೆಸಿದೆ.