ಹುಂಜಕ್ಕೆ ಹೊದಿಸಿದ ಅಂಗಿ

ಬಾವಿ ಹತ್ತಿರ ಬಂದಾಗ ಮಂಕರಿಯೊಳಗಿನ ಹುಂಜ ಕೂಗಿತು. ಕೊಕ್ಕೋ... ಕ್ಕೋ...

ಮುನಿಶಾಮಿ ಸೈಕಲ್ ತಳ್ಳುವುದನ್ನು ನಿಲ್ಲಿಸಿದ. ಮಂಕರಿ ಅದರ ಕ್ಯಾರಿಯರ್ ಮೇಲಿತ್ತು. ಹಿಂದೆ ಬರುತ್ತಿದ್ದ ಹೆಂಡತಿ ಮುನಿರತ್ನಮ್ಮನೂ ನಿಂತಳು. ನಡುರಾತ್ರಿ. ಬಂಗಾರಪೇಟೆ ದೀಪಗಳು ಇನ್ನೂ ದೂರ. ಬಾವಿ ಪಕ್ಕದ ಆಲದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

"ಸರೊತ್ತಲ್ಲಿ ಯಾವ ಕೋಳಿ ಕೂಗ್ತದೆ?" ಅವನು ಪಿಸುಗುಟ್ಟಿದ.

"ಗಣಿ ಕೋಳಿ ಇದು. ರಾತ್ರಿ ಪಾಳಿ ಸೈರನ್ ಹೊತ್ತು."

"ಇಲ್ಲೆಲ್ಲೈತೆ ಸೈರನ್?"

ಅವಳು ಜಾರಿದ್ದ ಖಾಕಿ ಅಂಗಿಯನ್ನು ಎಳೆದು ಮಂಕರಿಗೆ ಹೊದಿಸಿದಳು. ಒಳಗೆ ಕುರ್ರ್... ಎಂದಿತು. ಸುಮ್ಮನಾಯಿತು.

ಅಂಗಿ ಅವಳ ಅಣ್ಣ ಸೊಣ್ಣಪ್ಪನದು. ಹುಂಜವೂ ಅವನದೇ. ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಅವನ ಮನೆ. ಗಣಿ ದೂಳು ಎದೆಗೆ ಇಳಿದಿತ್ತು. ಮಾತಾಡಿದರೆ ಖೊಳ್... ಖೊಳ್... ಉಸಿರೆಳೆದರೆ ಕುಲುಮೆಯ ತಿದಿ ಒತ್ತಿದ ಹಾಗೆ ಸುಯ್... ಹೆಂಡತಿ ತೀರಿಹೋಗಿದ್ದಳು, ಮಕ್ಕಳಿಲ್ಲ. ಮರಿಯಿಂದ ಸಾಕಿದ ಈ ಹುಂಜ ಒಂದೇ. ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದ. ಗಣಿ ದೊರೆಗೂ ಇಷ್ಟು ಸಲಾಮು ಹೊಡೆದಿಲ್ಲ ಎಂದು ನಗುತ್ತಿದ್ದ. ನಗುವೂ ಕೆಮ್ಮಾಗುತ್ತಿತ್ತು.

ಅವತ್ತು ಸಂಜೆ ಇಬ್ಬರನ್ನೂ ಕರೆಸಿ ಹೇಳಿದ್ದ.

"ನಾನಿನ್ನು ಇರಾಕಿಲ್ಲ ಮುನಿಶಾಮಿ. ಈ ಸೈಕಲ್ ನಿಂದು. ದೊರೆ ತಾನಾಗೇ ಸಾಯೋಗಂಟ ಸಾಕು. ಪಂದ್ಯಕ್ಕೆ ಬಿಡಬ್ಯಾಡ. ಕುಯ್ಯಬ್ಯಾಡ. ರಾತ್ರಿ ನನ್ ಅಂಗಿ ಹೊದ್ಸು. ನನ್ ವಾಸನೆ ಇಲ್ದಿದ್ರೆ ಅವ್ನು ಮಲಗಲ್ಲ."

ಮುನಿಶಾಮಿ ಹುಂಜದ ಬೆನ್ನ ಮೇಲೆ ಕೈಯಿಟ್ಟ. ನೋಟ ಸೈಕಲ್ ಮೇಲಿತ್ತು.

"ಕುಯ್ದರೆ ನನ್ ಕಣ್ಣು ಓಗ್ಲಿ ಬಾವ."

ಸೊಣ್ಣಪ್ಪ ಯುಗಾದಿ ದಾಟಲಿಲ್ಲ. ಹೆಣವನ್ನು ಊರಿಗೆ ತಂದು ಹೂತರು. ಸತ್ತವನ ಬಟ್ಟೆಬರೆ ಮನೆಯಲ್ಲಿ ಇರಬಾರದು, ಅವನ ಜೊತೆಗೇ ಹಾಕಿ ಎಂದರು ಹಿರಿಯರು. ಮುನಿರತ್ನಮ್ಮ ಅಳುತ್ತ ಎಲ್ಲ ಬಾಚಿಕೊಟ್ಟಳು. ಮಂಕರಿ ಮೇಲಿನ ಅಂಗಿಯೂ ಅದರಲ್ಲಿ ಹೋಯಿತು. ಮಣ್ಣು ಎಳೆಯುವಾಗ ಅವಳಿಗೆ ನೆನಪಾಯಿತು. ಹೂತದ್ದನ್ನು ಯಾರು ತೆಗೆಯುತ್ತಾರೆ?

ಅವತ್ತಿನಿಂದ ದೊರೆ ಮಲಗಲಿಲ್ಲ. ಸರೊತ್ತಿಗೆ ಕೂಗು. ಆಮೇಲೆ ಬೆಳಗಿನವರೆಗೂ ಕಾಲುಗುರಿನಲ್ಲಿ ಮಂಕರಿ ಕೆರೆಯುವುದು. ಕರ್... ಕರ್... ಅವಳು ತನ್ನ ಸೀರೆ ಹೊದಿಸಿದಳು. ಕುಕ್ಕಿ ಕುಕ್ಕಿ ಚಿಂದಿ ಮಾಡಿತು. ಮುನಿಶಾಮಿ ಎದ್ದು ಮಂಕರಿಗೆ ಒದೆಯುತ್ತಿದ್ದ. ಅಡ್ಡ ಬಂದರೆ ಅವಳಿಗೂ ಒದೆ. ಒಂದು ರಾತ್ರಿ ಅವಳ ಪಕ್ಕೆಯಲ್ಲಿ ಲಟ್ ಎಂದಿತು. ಆದರೂ ಅವಳು ಮಂಕರಿಯನ್ನು ಬಿಟ್ಟುಕೊಡಲಿಲ್ಲ. ಅಣ್ಣ ಕೇಳಿದ್ದು ಅದೊಂದೇ.

ಮಾಲಯ ಅಮಾವಾಸ್ಯೆ ಬಂತು. ಸತ್ತವರಿಗೆ ಬಾಡಿನ ಎಡೆ ಇಡುವ ದಿನ. ಮಕ್ಕಳಿಲ್ಲದ ಸೊಣ್ಣಪ್ಪನಿಗೆ ತಂಗಿ ಮನೆಯಲ್ಲೇ ಎಡೆ. ಮುನಿಶಾಮಿ ಅಂಗಳದಲ್ಲಿ ಕೂತು ಮಚ್ಚು ಮಸೆದ. ಸರ್... ಸರ್...

"ಅದನ್ನ ಬ್ಯಾಡ ಕಣ್ರೀ. ಆಣೆ ಮಾಡಿದ್ದೀರಿ."

"ಎಡೆ ಯಾರಿಗೆ? ನಿಮ್ಮಣ್ಣನಿಗೇ ತಾನೆ? ಅವನ ಕೋಳಿ ಅವನಿಗೇ ಓಗ್ಲಿ."

"ಮಗನ್ನ ಕುಯ್ದು ಅಪ್ಪನಿಗೆ ಬಡಿಸ್ತೀರಾ?"

ಮಚ್ಚಿನ ಹಿಡಿಯಲ್ಲಿ ಅವಳ ಬಾಯಿಗೆ ಗುದ್ದಿದ. ಒಂದು ಹಲ್ಲು ಕಿತ್ತು ನೆಲಕ್ಕೆ ಬಿತ್ತು. ಅವಳು ಏಳುವಷ್ಟರಲ್ಲಿ ಕಚ್ ಎಂದಿತು.

ತಲೆ ಬಿತ್ತು. ಮುಂಡ ಬೀಳಲಿಲ್ಲ. ರಕ್ತ ಚಿಮ್ಮುತ್ತ ಅಂಗಳ ದಾಟಿ ಓಡಿತು. ಗೋಡೆಗೆ ಒರಗಿಸಿದ್ದ ಸೈಕಲ್ ಕ್ಯಾರಿಯರ್ ಮೇಲೆ ಹಾರಿತು. ರೆಕ್ಕೆ ಮಡಚಿತು. ಅಲ್ಲೇ ಕೂತಿತು... ಮಲಗುವ ಕೋಳಿ ಕೂರುತ್ತದಲ್ಲ, ಹಾಗೆ.

ಮುನಿಶಾಮಿ ಓಡಿಬಂದು ಹೊಡೆದ. ಮತ್ತೆ ಹೊಡೆದ. ಎದೆ ಸೀಳಿತು, ರೆಕ್ಕೆ ತುಂಡಾಯಿತು. ಆಗ ಬಿತ್ತು. ಅವನ ಮುಖವೆಲ್ಲ ರಕ್ತ.

ಕತ್ತಲಾದ ಮೇಲೆ ಒಳಕೋಣೆಯಲ್ಲಿ ಎಡೆ ಇಟ್ಟರು. ಮುದ್ದೆ, ವಡೆ, ಬಟ್ಟಲಲ್ಲಿ ಕೋಳಿಸಾರು, ಒಂದು ಲೋಟ ಸಾರಾಯಿ. ದೀಪ ಹಚ್ಚಿ ಬಾಗಿಲು ಎಳೆದುಕೊಂಡು ಬಂದರು. ಹಿರಿಯರು ಉಂಡು ಹೋಗುವ ತನಕ ಯಾರೂ ಒಳಗೆ ಕಾಲಿಡಬಾರದು. ಪಕ್ಕದ ಮನೆಯ ಕೋದಂಡಪ್ಪ ಊಟಕ್ಕೆ ಬಂದು ಜಗುಲಿ ಮೇಲೆ ಕೂತಿದ್ದ.

"ನಿಮ್ಮ ಬಾವ ಬೇಗ ಉಣ್ಲಪ್ಪ. ನನ್ ಒಟ್ಟೆ ಕೇಳಾಕಿಲ್ಲ," ಎಂದ.

ಒಳಗೆ ಖೊಳ್... ಖೊಳ್...

ಕೋದಂಡಪ್ಪ ಬೀಡಿ ಬಾಯಿಂದ ತೆಗೆದ.

ಸುಯ್... ತಿದಿಯ ಸದ್ದು. ಲೋಟ ನೆಲಕ್ಕೆ ಇಟ್ಟ ಸದ್ದು, ಠಣ್. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಬಿಕ್ಕಿದರು. ಗಂಡಸಿನ ಬಿಕ್ಕು. ಅದು ನಿಂತಿತು. ಈಗ ನೆಲ ಕೆರೆಯುವ ಸದ್ದು. ಕರ್... ಕರ್...

"ಬೆಕ್ಕು ನುಗ್ಗೈತೆ." ಮುನಿಶಾಮಿ ಎದ್ದ.

ಮುನಿರತ್ನಮ್ಮ ಅವನ ಕಾಲು ಹಿಡಿದಳು. ಊದಿದ ತುಟಿಯಲ್ಲಿ ಮಾತು ಸರಿಯಾಗಿ ಬರಲಿಲ್ಲ.

"ಓಗಬ್ಯಾಡ್ರೀ... ಅವ್ನಿಗೆ ಗೊತ್ತಾಗೈತೆ."

ಅವಳನ್ನು ಒದ್ದು ಒಳಗೆ ಹೋದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಸಂದಿಯ ಬೆಳಕು ಆರಿತು.

ರೆಕ್ಕೆ ಬಡಿತ. ಪಟಪಟ... ಪಟಪಟ... ಗೋಡೆಗೆ ಮೈ ಅಪ್ಪಳಿಸಿದ ಸದ್ದು. ಆಮೇಲೆ ಕೂಗು. ಗಣಿ ಸೈರನ್ನಿನ ಹಾಗೆ ಉದ್ದಕ್ಕೆ... ಅದು ಮುನಿಶಾಮಿಯ ಗಂಟಲು.

ಕೋದಂಡಪ್ಪ ಗಡಾರಿ ತಂದು ಬಾಗಿಲು ಮೀಟಿದ. ಟಾರ್ಚ್ ಬಿಟ್ಟ. ಮುನಿಶಾಮಿ ಮೂಲೆಯಲ್ಲಿ ಕೂತಿದ್ದ. ಕೆನ್ನೆ ಸಿಗಿದು ಜೋತಿತ್ತು. ಎರಡು ಕಣ್ಣೂ ಇರಲಿಲ್ಲ. ಕೋಣೆಗೆ ಕಿಟಕಿ ಇಲ್ಲ. ಒಳಗೆ ಬೆಕ್ಕೂ ಇರಲಿಲ್ಲ, ಯಾರೂ ಇರಲಿಲ್ಲ.

ಸಾಯಲಿಲ್ಲ ಅವನು. ಬಹಳ ವರ್ಷ ಬದುಕಿದ. ಅವನ ಕೈ ಹಿಡಿದು ಮುನಿರತ್ನಮ್ಮ ಬಂಗಾರಪೇಟೆ ಸಂತೆಗೆ ಬರುತ್ತಿದ್ದಳು. ನೋಡಿದವರು ಇನ್ನೂ ಇದ್ದಾರೆ, ಕೇಳಿ. ನಡೆದ ಮಾತಿದು.

ಎಡೆಯಲ್ಲಿ ಮುದ್ದೆ ಮುಗಿದಿತ್ತು. ಸಾರಾಯಿ ಲೋಟ ಖಾಲಿಯಾಗಿತ್ತು. ಕೋಳಿಸಾರಿನ ಬಟ್ಟಲು ಇಟ್ಟ ಹಾಗೇ ಇತ್ತು. ಅದರ ಮೇಲೆ ಖಾಕಿ ಅಂಗಿ ಹೊದಿಸಿತ್ತು. ಕಾಲರ್ ಮಡಿಕೆಯಲ್ಲಿ ಕೆಂಪು ಮಣ್ಣು, ಇನ್ನೂ ಹಸಿ.